ಭಾನುವಾರದ ಹುಡುಗರಿಗೆ, ಪಕ್ಕದ ಮನೆ ಅಜ್ಜನಿಗೆ, ಮತ್ತೆ ಜೇಮ್ಸ್ ಮಿಲ್ನರ್‌ಗೆ

ಹೋದ ಭಾನುವಾರ, ಹದಿಮೂರು ತಿಂಗಳಾದ ಮೇಲೆ, ಮತ್ತೆ ಫುಟ್‌ಬಾಲ್ ಆಡಲು ಇಳಿದೆ. ಆಡಿದ್ದು ಬರೀ ಹತ್ತು ನಿಮಿಷ. ಚೆಂಡು ಕಾಲಿಗೆ ಸಿಕ್ಕಿದ್ದು ನಾಲ್ಕೇ ಸಲ, ಅದರಲ್ಲಿ ಎರಡನ್ನು ಎದುರು ತಂಡಕ್ಕೇ ದಾನ ಮಾಡಿದೆ. ಆದರೂ ಮನೆಗೆ ಬಂದು ಬೂಟು ಬಿಚ್ಚುವಾಗ ಗಂಟಲು ಕಟ್ಟಿತು. ಥ್ಯಾಂಕ್ಸ್ ಹೇಳಬೇಕಾದವರು ಬಹಳ ಜನ ಇದ್ದಾರೆ. ಅವರಲ್ಲಿ ಒಬ್ಬನಿಗೆ ನಾನು ಯಾರೆಂದೇ ಗೊತ್ತಿಲ್ಲ.

ನಾನು ದಾವಣಗೆರೆಯವನು, ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಒಂಬತ್ತು ವರ್ಷವಾಯಿತು. ಬರುವಾಗ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಆಫೀಸಿನ ಹುಡುಗರು ಫೈವ್-ಎ-ಸೈಡ್‌ಗೆ, ಅಂದರೆ ತಂಡಕ್ಕೆ ಐದೈದು ಜನರ ಫುಟ್‌ಬಾಲ್‌ಗೆ, ಎಳೆದುಕೊಂಡು ಹೋದರು, ಅಲ್ಲಿಂದ ಹುಚ್ಚು ಹತ್ತಿತು. 2024ರ ಸೆಪ್ಟೆಂಬರ್‌ನಲ್ಲಿ ಯಾರದೋ ಬೂಟು ನನ್ನ ಮೊಣಕಾಲಿನ ಹೊರಮಗ್ಗುಲಿಗೆ ಬಡಿಯಿತು. ಆಟದಲ್ಲಿ ಆಗುವಂಥದ್ದೇ, ಯಾರನ್ನೂ ಬೈಯುವ ಹಾಗಿಲ್ಲ. ಊತ ಇಳಿಯಿತು, ನೋವು ಹೋಯಿತು, ಪಾದ ಮಾತ್ರ ಮೇಲೇಳಲಿಲ್ಲ. ಆ ಜಾಗದಲ್ಲಿ ಒಂದು ನರ ಎಲುಬನ್ನು ಸುತ್ತಿಕೊಂಡು ಚರ್ಮದ ಕೆಳಗೇ ಹಾಯುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಪಾದ ಎತ್ತುವ ಸ್ನಾಯುಗಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಫುಟ್ ಡ್ರಾಪ್ ಅನ್ನುತ್ತಾರೆ. ನಡೆಯುವಾಗ ಮಂಡಿಯನ್ನು ಕೊಕ್ಕರೆಯ ಹಾಗೆ ಎತ್ತಿ ಇಡಬೇಕು. ಕಾಲಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಕಾರು ಓಡಿಸುವುದಂತೂ ದೂರದ ಮಾತು.

ಫಿಸಿಯೋ ಮೇಡಂ ಮೊದಲ ದಿನವೇ ಲೆಕ್ಕ ಹೇಳಿಬಿಟ್ಟರು: ನರ ಬೆಳೆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಹಿತ್ತಲಿನ ಹೀರೇ ಬಳ್ಳಿ ಒಂದು ರಾತ್ರಿಯಲ್ಲಿ ಅದರ ಎಷ್ಟೋ ಪಟ್ಟು ಬೆಳೆಯುತ್ತದೆ! ಸುಳ್ಳು ಭರವಸೆ ಕೊಡದೆ, ವಾರ ವಾರವೂ ಅದೇ ಉತ್ಸಾಹದಲ್ಲಿ "ಎತ್ತು ನೋಡೋಣ" ಅಂದ ಅವರಿಗೆ ಮೊದಲ ನಮಸ್ಕಾರ. ಎರಡನೆಯದು ಅಮ್ಮನಿಗೆ. ದಿನಾ ವಿಡಿಯೋ ಕಾಲ್‌ನಲ್ಲಿ "ಹೆಬ್ಬೆರಳು ಅಲ್ಲಾಡ್ತೇನಪ್ಪಾ?" ಅಂತ ಕೇಳಿ, ಇಲ್ಲ ಅಂದಾಗಲೆಲ್ಲ ಎಳ್ಳೆಣ್ಣೆ ತಿಕ್ಕಿಕೋ ಅಂದವಳು. ನನ್ನ ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಸಿಕೊಳ್ಳಬೇಕಾಗುತ್ತದೆ, ಬಿಟ್ಟಿದ್ದೇನೆ.

ಮೂರನೆಯದು ಪಕ್ಕದ ಮನೆ ಅಜ್ಜನಿಗೆ. ಲೀಡ್ಸ್ ಕ್ಲಬ್ಬಿನ ಎಲ್ಲಂಡ್ ರೋಡ್ ಮೈದಾನಕ್ಕೆ ಆತ ಹೋಗಲು ಶುರುಮಾಡಿದಾಗ ನಮ್ಮಪ್ಪ ಇನ್ನೂ ಶಾಲೆಯಲ್ಲಿದ್ದಿರಬೇಕು. ನಾನು ಮುಖ ಇಳಿಸಿಕೊಂಡು ಕೂತಿದ್ದ ಒಂದು ದಿನ ಬಂದು ಹೇಳಿದ: ನಮ್ಮ ಹುಡುಗನಿಗೂ ಇದೇ ಆಗಿದೆ, ಪಾದ ಎತ್ತಲಾಗುತ್ತಿಲ್ಲ. ಯಾರು ಅಂದೆ. ಮಿಲ್ನರ್ ಅಂದ. ಈ ಫುಟ್‌ಬಾಲ್ ಆಟಗಾರ ಲೀಡ್ಸ್ ಕ್ಲಬ್ ಬಿಟ್ಟು ಎರಡು ದಶಕವೇ ಕಳೆದಿದ್ದರೂ ಅಜ್ಜನ ಬಾಯಲ್ಲಿ ಅವನು ಇವತ್ತಿಗೂ ನಮ್ಮ ಹುಡುಗನೇ.

ಅಲ್ಲಿಂದ ಅಜ್ಜ ಸಂಜೆ ಸಂಜೆ ಬಂದು ಕಂತು ಕಂತಾಗಿ ಕಥೆ ಹೇಳಿದ. ಲೀಡ್ಸ್‌ನಲ್ಲೇ ಹುಟ್ಟಿ, ಎಲ್ಲಂಡ್ ರೋಡ್‌ನಲ್ಲಿ ಹೊರಗೆ ಹೋದ ಚೆಂಡು ಹೆಕ್ಕಿ ಕೊಡುತ್ತಿದ್ದ ಪೋರ 2002ರ ನವೆಂಬರ್‌ನಲ್ಲಿ ಅದೇ ತಂಡಕ್ಕೆ ಆಡಿದ. ಡಿಸೆಂಬರ್ 26ರಂದು ಸಂಡರ್‌ಲ್ಯಾಂಡ್ ಎದುರು ಗೋಲು ಹೊಡೆದಾಗ ವಯಸ್ಸು 16 ವರ್ಷ 356 ದಿನ. ಇಂಗ್ಲೆಂಡಿನ ಅತಿ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಅಷ್ಟು ಚಿಕ್ಕವರು ಯಾರೂ ಗೋಲು ಹೊಡೆದಿರಲಿಲ್ಲ. ಆದರೆ ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. 2004ರಲ್ಲಿ ಕೆಳಗಿನ ಡಿವಿಷನ್‌ಗೆ ಬಿದ್ದಿತು, ಹುಡುಗನನ್ನು ನ್ಯೂಕ್ಯಾಸಲ್ ಕ್ಲಬ್ಬಿಗೆ ಮಾರಿತು. ಇಲ್ಲಿಗೆ ಬಂದಾಗ ಅಜ್ಜ ಪ್ರತಿ ಸಲವೂ ಸುಮ್ಮನಾಗುತ್ತಾನೆ. ನಾನು ಟೀ ಇಡಲು ಏಳುತ್ತೇನೆ.

2006ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ ಸೇರಲು ಹೋಗಿ ಕೂತಿದ್ದವನನ್ನು ವರ್ಗಾವಣೆಯ ಗಡುವು ಮುಗಿಯುವ ಹೊತ್ತಿಗೆ ನ್ಯೂಕ್ಯಾಸಲ್ ವಾಪಸ್ ಕರೆಸಿಕೊಂಡಿತು. ಬೇರೆಯವರಾಗಿದ್ದರೆ ಮುನಿಸಿಕೊಂಡು ಕೂರುತ್ತಿದ್ದರು. ಇವನು ಆಡಿದ. ಎರಡು ವರ್ಷ ಬಿಟ್ಟು ಅದೇ ವಿಲ್ಲಾಗೆ ಹೋದ. ಅಲ್ಲಿ ಗ್ಯಾರೆತ್ ಬ್ಯಾರಿ ತಂಡ ಬಿಟ್ಟ ಮೇಲೆ ಕೋಚ್ ಮಾರ್ಟಿನ್ ಓನೀಲ್ ಇವನನ್ನು ಅಂಚಿನಿಂದ ಮೈದಾನದ ನಡುವಿಗೆ ತಂದರು. 2010ರಲ್ಲಿ ವರ್ಷದ ಯುವ ಆಟಗಾರ ಪ್ರಶಸ್ತಿ ಸಿಕ್ಕಿತು. ಆಮೇಲೆ ಮ್ಯಾಂಚೆಸ್ಟರ್ ಸಿಟಿ, ಎರಡು ಲೀಗ್ ಪ್ರಶಸ್ತಿ. ಇಂಗ್ಲೆಂಡ್ ಪರ 61 ಪಂದ್ಯ, ಒಂದೇ ಗೋಲು. ಆ ಲೆಕ್ಕ ಹಿಡಿದು ನಗುವವರಿದ್ದಾರೆ. ಅವನೆಷ್ಟು ಸಪ್ಪೆ ಮನುಷ್ಯ ಎಂದು ತಮಾಷೆ ಮಾಡಲೆಂದೇ ಟ್ವಿಟರ್‌ನಲ್ಲಿ ಒಂದು ಖಾತೆ ಇತ್ತು, ಇಸ್ತ್ರಿ ಹಾಕಿದೆ, ಟೀ ಕುಡಿದೆ ಅನ್ನುವಂಥ ಪೋಸ್ಟ್‌ಗಳು. ಅವನೂ ಆ ತಮಾಷೆಗೆ ಸೇರಿಕೊಂಡ. ಕುಡಿತದ ಅಭ್ಯಾಸವಿಲ್ಲ, ಲಿವರ್‌ಪೂಲ್‌ನಲ್ಲಿ ಸೀಸನ್ನಿಗೆ ಮುಂಚಿನ ಓಟದ ಪರೀಕ್ಷೆಯಲ್ಲಿ ಹತ್ತು ವರ್ಷ ಚಿಕ್ಕವರನ್ನು ಹಿಂದೆ ಹಾಕುತ್ತಿದ್ದ. ಇದು ಸಪ್ಪೆಯಾದರೆ ನನಗೂ ಸ್ವಲ್ಪ ಸಪ್ಪೆ ಬಡಿಸಿ.

ಲಿವರ್‌ಪೂಲ್‌ಗೆ ಬಂದಿದ್ದು 2015ರಲ್ಲಿ. ಮರುವರ್ಷ ಕೋಚ್ ಕ್ಲಾಪ್ ಇವನನ್ನು ಲೆಫ್ಟ್ ಬ್ಯಾಕ್‌ನಲ್ಲಿ, ಅಂದರೆ ಎಡಗಡೆಯ ರಕ್ಷಣೆಗೆ, ನಿಲ್ಲಿಸಿದರು. ಬಲಗಾಲಿನ ಮಿಡ್‌ಫೀಲ್ಡರ್, ಎಡ ಮೂಲೆ! ಇಷ್ಟವಿರಲಿಲ್ಲ, ಆದರೂ ಇಡೀ ಸೀಸನ್ ನಿಂತ. 2017-18ರಲ್ಲಿ ನಡುವಿಗೆ ವಾಪಸ್ಸಾದವನು ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಒಂಬತ್ತು ಅಸಿಸ್ಟ್ (ಗೋಲಿಗೆ ದಾರಿಯಾದ ಪಾಸ್) ಕೊಟ್ಟ. 2019ರ ಮೇ 7ರ ರಾತ್ರಿಯನ್ನು ನಾನು ಟಿವಿಯಲ್ಲಿ ನೋಡಿದ್ದೆ. ಅದೇ ಲೀಗಿನ ಎರಡು ಪಂದ್ಯಗಳ ಸೆಮಿಫೈನಲ್‌ನಲ್ಲಿ, ಮೊದಲ ಪಂದ್ಯ 3-0 ಸೋತಿದ್ದ ಲಿವರ್‌ಪೂಲ್ ಬಾರ್ಸಿಲೋನಾವನ್ನು 4-0 ಬಡಿದಿತ್ತು. ಮಧ್ಯಂತರದಲ್ಲಿ ರಾಬರ್ಟ್‌ಸನ್ ಗಾಯಗೊಂಡು ಹೊರಬಿದ್ದಾಗ ಮತ್ತೆ ಆ ಎಡ ಮೂಲೆಗೆ ಹೋಗಿ ನಿಂತವನು ಮಿಲ್ನರ್. ಪಂದ್ಯ ಮುಗಿದ ಮೇಲೆ ಅಳುತ್ತಿದ್ದ. ಆಗ ನನಗೆ ಅವನ ಹೆಸರು ಬಿಟ್ಟರೆ ಏನೂ ಗೊತ್ತಿರಲಿಲ್ಲ, ಇಷ್ಟು ದೊಡ್ಡ ಗಂಡಸು ಯಾಕೆ ಹೀಗೆ ಅಳುತ್ತಾನೆ ಅಂದುಕೊಂಡಿದ್ದೆ. ಹೋದ ಭಾನುವಾರ ಗೊತ್ತಾಯಿತು.

2023ರಲ್ಲಿ ಬ್ರೈಟನ್ ಕ್ಲಬ್ ಸೇರಿದ. ಮರುವರ್ಷ ಅಲ್ಲಿಗೆ ಬಂದ ಕೋಚ್ ಹ್ಯುರ್ಜೆಲರ್ ಇವನಿಗಿಂತ ಏಳು ವರ್ಷ ಚಿಕ್ಕವರು. 2024ರ ಆಗಸ್ಟ್‌ನಲ್ಲಿ 23ನೇ ಪ್ರೀಮಿಯರ್ ಲೀಗ್ ಸೀಸನ್ ಆಡಿ ರಯಾನ್ ಗಿಗ್ಸ್ ದಾಖಲೆ ಮುರಿದ, ಆಮೇಲೆ ಬಿದ್ದ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ನರ ಕೈಕೊಟ್ಟಿತು, ತಿಂಗಳುಗಟ್ಟಲೆ ಪಾದ ಏಳಲಿಲ್ಲ. ಆಗ ವಯಸ್ಸು 38, ಸೀಸನ್ ಮುಗಿಯುವಾಗ 39. ಇಷ್ಟು ಗೆದ್ದವನು ಮನೆಗೆ ಹೋಗಿ ಕಾಲು ಚಾಚಿದ್ದರೆ ಕೇಳುವವರು ಯಾರಿದ್ದರು? ಅವನು ಪಾದ ಎತ್ತುವ ಅಭ್ಯಾಸ ಮಾಡುತ್ತಾ ಕೂತ. ನಾನೂ ನನ್ನ ಅಡುಗೆಮನೆಯಲ್ಲಿ, ರಬ್ಬರ್ ಪಟ್ಟಿ ಮೇಜಿನ ಕಾಲಿಗೆ ಕಟ್ಟಿಕೊಂಡು ಅದನ್ನೇ ಮಾಡುತ್ತಿದ್ದೆ. ಬೇಸರ ಬಂದಾಗೆಲ್ಲ, ಬ್ರೈಟನ್‌ನಲ್ಲಿ ಅವನೂ ಈಗ ಇದನ್ನೇ ಮಾಡುತ್ತಿರಬಹುದು ಅಂದುಕೊಂಡು ಇನ್ನೊಂದು ಹತ್ತು ಸಲ ಎತ್ತುತ್ತಿದ್ದೆ. ಮೊದಲು ಪಾದ ಒಂದಿಷ್ಟು ಎದ್ದಿತು. ಹೆಬ್ಬೆರಳು ಅಲ್ಲಾಡಿದ್ದು ಆಮೇಲೆ. ಅಮ್ಮ ಅಂದು ದುರ್ಗಾಂಬಿಕೆಗೆ ಹಣ್ಣುಕಾಯಿ ಮಾಡಿಸಿದಳು.

2025ರ ಆಗಸ್ಟ್ 31. ಬ್ರೈಟನ್ ಎದುರು ಮ್ಯಾಂಚೆಸ್ಟರ್ ಸಿಟಿ ಒಂದು ಗೋಲು ಮುಂದಿತ್ತು. ಮಿಲ್ನರ್ ಬದಲಿಯಾಗಿ ಬಂದ. ಬೆನ್ನ ಮೇಲೆ 20, ಜುಲೈನಲ್ಲಿ ಅಪಘಾತದಲ್ಲಿ ತೀರಿಕೊಂಡ ಲಿವರ್‌ಪೂಲ್‌ನ ಹಳೆಯ ಜೊತೆಗಾರ ಡಿಯೋಗೊ ಜೋಟಾನ ನಂಬರು. ಪೆನಾಲ್ಟಿ ಸಿಕ್ಕಿತು, ಚೆಂಡು ಇಟ್ಟ, ಹೊಡೆದ. 39 ವರ್ಷ 239 ದಿನ. ಪ್ರೀಮಿಯರ್ ಲೀಗ್‌ನಲ್ಲಿ ಇದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಗೋಲು ಹೊಡೆದವರು ಟೆಡ್ಡಿ ಶೆರಿಂಗ್‌ಹ್ಯಾಮ್ ಒಬ್ಬರೇ. ಬ್ರೈಟನ್ 2-1 ಗೆದ್ದಿತು. ಅಜ್ಜ ನನ್ನ ಸೋಫಾದಲ್ಲೇ ಇದ್ದ. ಖುಷಿಯಲ್ಲಿ ನನ್ನ ಕಾಲನ್ನೇ, ಅದೇ ಕಾಲನ್ನೇ, ಪಟಪಟ ಬಡಿದ.

ಇನ್ನು ನಮ್ಮ ಭಾನುವಾರದ ಹುಡುಗರು. ಹದಿಮೂರು ತಿಂಗಳು ವಾಟ್ಸ್ಆ್ಯಪ್ ಗುಂಪಿನಿಂದ ನನ್ನನ್ನು ತೆಗೆಯಲಿಲ್ಲ. ಪ್ರತಿ ಶುಕ್ರವಾರ ಬರ್ತೀಯಾ ಅಂತ ಕೇಳುತ್ತಲೇ ಇದ್ದರು, ಬರುವುದಿಲ್ಲ ಅಂತ ಗೊತ್ತಿದ್ದೂ. ಆಫೀಸಿಗೆ ದಿನಾ ಕಾರಲ್ಲಿ ಕರೆದುಕೊಂಡು ಹೋದವನೂ ಅವರಲ್ಲೊಬ್ಬ, ಪೆಟ್ರೋಲ್ ದುಡ್ಡು ತೆಗೆದುಕೊಳ್ಳಲೇ ಇಲ್ಲ. ಅವನಿಗೆ ಒಂದು ಬೆಣ್ಣೆ ದೋಸೆ ಬಾಕಿ ಇದೆ.

ಮುಂದಿನ ವಾರ ಪೂರ್ತಿ ಆಟ ಆಡುತ್ತೇನೆ ಅಂದೆ. ಎಲ್ಲರೂ ಮುಖ ಮುಖ ನೋಡಿಕೊಂಡು, ಸದ್ಯಕ್ಕೆ ಗೋಲಿನಲ್ಲಿ ನಿಲ್ಲು ಅಂದರು. ನನಗೆ ತಿಳಿದ ಮಟ್ಟಿಗೆ ಮಿಲ್ನರ್ ನಿಲ್ಲದ ಜಾಗ ಅದೊಂದೇ. ಕೈಗವಸು ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ತಲುಪಿಸಿ.