ಹೆಸರು ಗೊತ್ತಿಲ್ಲದ ಆ ಸರ್‌ಗೆ ಧನ್ಯವಾದ

ಮನೆಯ ಕಂಪ್ಯೂಟರ್‌ಗೆ ವೈರಸ್ ಹೊಕ್ಕಾಗ ಎರಡು ಸಂಜೆ ಫೋನಿನಲ್ಲೇ ದಾರಿ ತೋರಿಸಿದಿರಿ ಸರ್. ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ತುಂಬು ಹೃದಯದ ಧನ್ಯವಾದ.

ಆ ವೈರಸ್ಸನ್ನು ನಾನು ನಾಲ್ಕು ಸಲ ಅಳಿಸಿದ್ದೆ. ಆನ್ ಮಾಡಿದ ಕೂಡಲೇ ಅದೇ ಜಾಹೀರಾತು ಮತ್ತೆ ಹಾಜರು. ನೀವು ಮೊದಲು ಇಂಟರ್ನೆಟ್ ಕೇಬಲ್ ಕೀಳಿಸಿ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿಸಿದಿರಿ. ವಿಂಡೋಸ್ ಶುರುವಾಗುವ ಮುಂಚೆಯೇ ಅದು ಹುಡುಕುತ್ತದೆ, ಆಗ ವೈರಸ್ ಅಡಗಿಕೊಳ್ಳುವುದು ಕಷ್ಟ ಎಂದು ಬಿಡಿಸಿ ಹೇಳಿದಿರಿ. ಆಮೇಲೆ ಯಾವ ಪ್ರೋಗ್ರಾಂ ಯಾವಾಗ ತಾನಾಗಿಯೇ ಓಡಬೇಕೆಂಬ ಪಟ್ಟಿ ಇರುವ ಟಾಸ್ಕ್ ಶೆಡ್ಯೂಲರ್ ತೆರೆಸಿ ಒಂದೊಂದೇ ಸಾಲು ಓದಿಸಿದಿರಿ. 'ಅಪ್‌ಡೇಟ್' ಎಂದು ಹೆಸರಿಟ್ಟುಕೊಂಡ ಒಂದು ಸಾಲು ಪ್ರತಿ ಲಾಗಿನ್‌ಗೂ ತಾತ್ಕಾಲಿಕ ಫೈಲುಗಳಿರುವ ಟೆಂಪ್ ಫೋಲ್ಡರಿನ ಫೈಲೊಂದನ್ನು ಓಡಿಸುತ್ತಿತ್ತು. "ಇದೇ ನೋಡಿ ಕಳ್ಳ" ಎಂದಿರಿ. ಆ ಮಾತು ಕೇಳಿ ಎಷ್ಟು ಸಮಾಧಾನವಾಯಿತೆಂದರೆ ಹೇಳಲಾರೆ.

ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಫೋನಿನಿಂದ ಬದಲಿಸಿದೆ. ಬ್ರೌಸರ್‌ಗೆ ಸೇರಿಸಿಕೊಂಡಿದ್ದ ಬೇಡದ ಎಕ್ಸ್‌ಟೆನ್ಶನ್‌ಗಳು ಹೋದವು. ದಿನಬಳಕೆಗೆ ಅಡ್ಮಿನ್ (ಪೂರ್ಣ ಅಧಿಕಾರದ) ಅಲ್ಲದ ಖಾತೆ, ಪುಕ್ಕಟೆ ಸಿಗುವ ಕ್ರ್ಯಾಕ್ (ಲೈಸೆನ್ಸ್ ಮುರಿದ ನಕಲಿ) ಸಾಫ್ಟ್‌ವೇರ್ ಬಂದ್. ನಿಜಕ್ಕೂ ವೈರಸ್ ಬಂದದ್ದೇ ಅದರಿಂದ.

ನೀವು ಹೇಳಿದಂತೆ ಬ್ಯಾಕಪ್ ಡಿಸ್ಕನ್ನು ಕೆಲಸ ಮುಗಿದ ತಕ್ಷಣ ಕಳಚಿಡುತ್ತಿದ್ದೇನೆ. ಅಮ್ಮನ ಹಳೆಯ ಫೋಟೋಗಳು ಅದರಲ್ಲಿ ಭದ್ರವಾಗಿವೆ, ಸರ್.