ಈರುಳ್ಳಿ ಬೆವರುವುದಿಲ್ಲ ಸ್ವಾಮಿ: ‘ಟಾಪ್ ಶೆಫ್’ ಮೊದಲ ಸೀಸನ್ನಿನ ಕನ್ನಡ ಸಬ್‌ಟೈಟಲ್ ಬಗ್ಗೆ ಒಂದು ದೂರು

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ

ವಿಷಯ: ತಪ್ಪು ಸಬ್‌ಟೈಟಲ್, ತಪ್ಪು ಪೋಸ್ಟರ್ ಮತ್ತು ಮೊದಲೇ ಬಯಲು ಮಾಡಿದ ಫಲಿತಾಂಶ

ಮಾನ್ಯರೇ,

ನಾನು ನಿಮ್ಮ ಆ್ಯಪ್‌ನ ವಾರ್ಷಿಕ ಚಂದಾದಾರ. ಅಮೆರಿಕದ ಅಡುಗೆ ಸ್ಪರ್ಧೆಯ ಕಾರ್ಯಕ್ರಮ ‘ಟಾಪ್ ಶೆಫ್’ನ ಮೊದಲ ಸೀಸನ್ ಕನ್ನಡ ಸಬ್‌ಟೈಟಲ್ ಸಮೇತ ಲಭ್ಯ ಎಂದು ನೀವು ಮುಖಪುಟದಲ್ಲಿ ದೊಡ್ಡದಾಗಿ ಹಾಕಿಕೊಂಡಿದ್ದಿರಿ. ಅದೊಂದನ್ನೇ ನಂಬಿ ಚಂದಾ ಕಟ್ಟಿದೆ. ಈ ಬಗ್ಗೆ ಈಗಾಗಲೇ ಎರಡು ಸಲ ಚಾಟ್‌ನಲ್ಲಿ ದೂರು ಕೊಟ್ಟಿದ್ದೇನೆ. ಮೊದಲ ಸಲ ‘ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ’ ಎಂದಿರಿ. ಎರಡನೇ ಸಲವೂ ಅದನ್ನೇ ಹೇಳಿದಿರಿ. ಅಳಿಸಿ ಹಾಕಿಕೊಂಡರೆ ಭಾಷೆ ಸರಿಹೋಗುತ್ತದೆಯೇ? ಅದಕ್ಕೇ ಈ ಸಲ ಸಾವಧಾನವಾಗಿ ಪತ್ರವನ್ನೇ ಬರೆಯುತ್ತಿದ್ದೇನೆ.

ಇಂಗ್ಲಿಷ್ ನನಗೆ ತೊಡಕಲ್ಲ. ಸಬ್‌ಟೈಟಲ್ ಬೇಕಿದ್ದದ್ದು ನಮ್ಮ ಅಪ್ಪನಿಗೆ. ಅವರು ನಲವತ್ತು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವರು. ಈಗ ಮಂಡಿನೋವು, ಒಲೆ ಮುಂದೆ ನಿಲ್ಲಲಾರರು. ಟಿವಿಯಲ್ಲಿ ಬರುವ ಅಡುಗೆ ಕಾರ್ಯಕ್ರಮಗಳೆಂದರೆ ಅವರಿಗೆ ಅಷ್ಟಕ್ಕಷ್ಟೇ, ‘ಇವರೆಲ್ಲ ಮನೆಮಂದಿಗೆ ಮಾಡೋರು, ಪಂಕ್ತಿಗೆ ಮಾಡೋರಲ್ಲ’ ಅನ್ನುತ್ತಾರೆ. ಇದರಲ್ಲಿ ಸ್ಪರ್ಧಿಸುವವರು ಅಡುಗೆಯನ್ನೇ ಕಸುಬು ಮಾಡಿಕೊಂಡವರು ಎಂದು ಹೇಳಿದ ಮೇಲೆಯೇ ಕನ್ನಡಕ ಹಾಕಿಕೊಂಡು ಕೂತರು. ತೆರೆಯ ಮೇಲೆ ಬೇಯುವ ಮಾಂಸದ ಬಗ್ಗೆಯೂ ಅವರ ತಕರಾರಿಲ್ಲ. ‘ನಾನು ನೋಡೋದು ಕೈ ಕಣೋ, ತಟ್ಟೆ ಅಲ್ಲ’ ಅಂದರು.

ಮೊದಲ ಕಂತಿನಿಂದಲೇ ಶುರು ಮಾಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ‘ಫ್ಲರ್ ಡಿ ಲೀ’ ಎಂಬ ಫ್ರೆಂಚ್ ರೆಸ್ಟೋರೆಂಟ್. ಅದರ ಶೆಫ್ ಹ್ಯೂಬರ್ಟ್ ಕೆಲ್ಲರ್. ಹನ್ನೆರಡು ಜನ ಸ್ಪರ್ಧಿಗಳೂ ಅವರ ಅಡುಗೆಮನೆಯಲ್ಲಿ, ಊಟದ ಗದ್ದಲದ ನಡುವೆ, ಅರ್ಧ ಗಂಟೆ ‘ಲೈನ್’ ಮೇಲೆ ನಿಂತು ತೋರಿಸಬೇಕು. ಲೈನ್ ಅಂದರೆ ಆರ್ಡರ್ ಬಂದಂತೆ ಅಡುಗೆ ಇಳಿಸುವ ಒಲೆಗಳ ಸಾಲು. ನಿಮ್ಮ ಸಬ್‌ಟೈಟಲ್ ಏನನ್ನುತ್ತದೆ ಗೊತ್ತೇ? ‘ಸರತಿಯಲ್ಲಿ ಅರ್ಧ ಗಂಟೆ ನಿಲ್ಲಬೇಕು’. ಅಪ್ಪ ನನ್ನ ಮುಖ ನೋಡಿ, ‘ಊಟಕ್ಕೆ ಇವರೂ ಕ್ಯೂ ನಿಲ್ಲಬೇಕೇನೋ?’ ಎಂದು ಕೇಳಿದರು.

ಅದೇ ಪರೀಕ್ಷೆಯಲ್ಲಿ ಒಬ್ಬ ಸ್ಪರ್ಧಿ ಸಾಸಿಗೆ ಬೆರಳು ಅದ್ದಿ ರುಚಿ ನೋಡುತ್ತಾನೆ. ಕೆಲ್ಲರ್ ಅದನ್ನು ಸಹಿಸುವುದಿಲ್ಲ. ಕಂತು ಮುಗಿಯುವಷ್ಟರಲ್ಲಿ ಸ್ಪರ್ಧೆಯಿಂದಲೇ ಮೊದಲು ಹೊರಬೀಳುವವನು ಅವನೇ. ಇಡೀ ಸೀಸನ್ನಿನಲ್ಲಿ ಅಪ್ಪನಿಗೆ ಅತ್ಯಂತ ಚೆನ್ನಾಗಿ ಅರ್ಥವಾಗಬಹುದಾಗಿದ್ದ ಘಟ್ಟ ಅದು. ಆದರೆ ಅಲ್ಲಿ ನಿಮ್ಮ ಸಾಲುಗಳು ಮಾತಿಗಿಂತ ಹತ್ತು ಸೆಕೆಂಡು ಹಿಂದೆ ಓಡುತ್ತಿದ್ದವು. ಬೆರಳಿನ ಮಾತು ತೆರೆಗೆ ಬರುವ ಹೊತ್ತಿಗೆ ದೃಶ್ಯವೇ ಬದಲಾಗಿತ್ತು. ನಾನು ನಿಲ್ಲಿಸಿ, ಹಿಂದೆ ಹೋಗಿ, ಬಾಯಲ್ಲಿ ವಿವರಿಸಿದೆ. ಕೇಳಿಸಿಕೊಂಡು ಅಪ್ಪ, ‘ಕಳಿಸಿದ್ದೇ ಸರಿ, ಎಂಜಲು ಕೈ’ ಅಂದರು. ಅವರು ಕೊಪ್ಪರಿಗೆಯ ಅಡುಗೆಯನ್ನು ಬಾಯಿಗಿಟ್ಟು ನೋಡಿದವರೇ ಅಲ್ಲ. ಕುದಿಯ ಪರಿಮಳದಲ್ಲೇ ಉಪ್ಪು ಸಾಲದು ಎಂದು ಹೇಳುತ್ತಿದ್ದರು. ನಾನು ಬಾಯಿಬಿಟ್ಟು ವಿವರಿಸದೆಯೇ ಅವರು ಆ ಕೆಲ್ಲರ್‌ನನ್ನು ಮೆಚ್ಚಬೇಕಿತ್ತು.

ಇನ್ನು ಪದಗಳ ಕಥೆ. ಈರುಳ್ಳಿಯನ್ನು ಬಣ್ಣ ಬರದಂತೆ ಸಣ್ಣ ಉರಿಯಲ್ಲಿ ಮೆತ್ತಗೆ ಮಾಡುವುದಕ್ಕೆ ಅವರ ಭಾಷೆಯಲ್ಲಿ ‘ಸ್ವೆಟ್’ ಅನ್ನುತ್ತಾರೆ. ನಿಮ್ಮಲ್ಲಿ ಅದು ‘ಈರುಳ್ಳಿಯನ್ನು ಬೆವರಿಸಿ’ ಎಂದಾಗಿದೆ. ಅಪ್ಪ ಅದನ್ನು ಜೋರಾಗಿ ಓದಿ ಕೆಮ್ಮು ಬರುವ ತನಕ ನಕ್ಕರು. ಬಾಡಿಸುವುದು ಅಂತ ನಮ್ಮಲ್ಲಿ ಪದ ಇಲ್ಲವೇ? ಮೂಳೆ ಬೇಯಿಸಿ ತೆಗೆದ ರಸ ‘ಸ್ಟಾಕ್’ ನಿಮ್ಮಲ್ಲಿ ‘ದಾಸ್ತಾನು’. ಕುದಿಸಿ ಬತ್ತಿಸಿದ ‘ರಿಡಕ್ಷನ್’ ನಿಮ್ಮಲ್ಲಿ ‘ಕಡಿತ’, ಇನ್ನೊಂದು ಕಡೆ ‘ರಿಯಾಯಿತಿ’. ‘ಎರಡು ಪ್ಲೇಟ್ ಫೈರ್’ ಅಂದರೆ ಎರಡನ್ನು ಒಲೆಗೆ ಏರಿಸು ಅಂತ. ನಿಮ್ಮಲ್ಲಿ ‘ಎರಡಕ್ಕೆ ಗುಂಡು ಹಾರಿಸಿ’. ಉಪ್ಪು ಖಾರ ಹೊಂದಿಸುವ ‘ಸೀಸನಿಂಗ್’ ಸಹ ‘ಋತು’ವೇ, ಕಾರ್ಯಕ್ರಮದ ಸೀಸನ್ ಸಹ ‘ಋತು’ವೇ. ತೀರ್ಪುಗಾರ ಟಾಮ್ ಕೊಲಿಕ್ಕಿಯೋ ಅವರ ನ್ಯೂಯಾರ್ಕ್ ರೆಸ್ಟೋರೆಂಟಿನ ಹೆಸರು ‘ಕ್ರಾಫ್ಟ್’. ಅದನ್ನೂ ಬಿಡದೆ ‘ಕರಕುಶಲ’ ಮಾಡಿದ್ದೀರಿ! ಬಹುಮಾನದ ಹಣ ‘ನೂರು ಸಾವಿರ ಡಾಲರ್’ ಅಂತೆ. ಲಕ್ಷ ಅನ್ನುವ ಮಾತು ಮರೆತ ಕನ್ನಡಿಗ ಯಾರು ಸ್ವಾಮಿ? ಯಂತ್ರದ ಕೈಲಿ ಮಾಡಿಸಿ, ಒಬ್ಬ ಮನುಷ್ಯನೂ ಓದದೆ ಏರಿಸಿದ್ದೀರಿ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಒಂದು ಕಡೆ ಮಾತ್ರ ನಿಮ್ಮ ಸಹಾಯ ಬೇಕಾಗಲಿಲ್ಲ. ಸೋತವರಿಗೆ ಹೇಳುವ ‘ಚಾಕು ಕಟ್ಟಿಕೊಂಡು ಹೊರಡಿ’ ಎಂಬ ಮಾತು. ನಿಮ್ಮ ಸಾಲು ‘ಚಾಕುಗಳನ್ನು ಪ್ಯಾಕೇಜ್ ಮಾಡಿ ಮತ್ತು ಹೋಗಿ’ ಎಂದಿದ್ದರೂ ಆ ಮುಖಗಳನ್ನು ನೋಡಿಯೇ ಅಪ್ಪನಿಗೆ ತಿಳಿಯಿತು. ತಮ್ಮ ಸೌಟು ತಾವೇ ಒಯ್ಯುತ್ತಿದ್ದವರು ಅವರು.

ಪೋಸ್ಟರ್ ವಿಷಯ. ಮೊದಲ ಸೀಸನ್ನಿಗೆ ಪದ್ಮಾ ಲಕ್ಷ್ಮಿ ಅವರ ಚಿತ್ರ ಹಾಕಿದ್ದೀರಿ. ಅವರು ನಿರೂಪಕಿಯಾಗಿ ಬಂದದ್ದು ಎರಡನೇ ಸೀಸನ್ನಿನಿಂದ. 2006ರ ಮಾರ್ಚ್‌ನಲ್ಲಿ ಅಮೆರಿಕದ ಬ್ರಾವೋ ವಾಹಿನಿಯಲ್ಲಿ ಶುರುವಾದ ಈ ಸೀಸನ್ ನಡೆಸಿಕೊಟ್ಟವರು ಕೇಟಿ ಲೀ ಜೋಯಲ್. ಪದ್ಮಾ ಮದ್ರಾಸಿನಲ್ಲಿ ಹುಟ್ಟಿದವರು ಎಂದು ನಾನೇ ಬಾಯ್ತಪ್ಪಿ ಹೇಳಿಬಿಟ್ಟಿದ್ದೆ. ‘ನಮ್ಮ ಕಡೆ ಹುಡುಗಿ ಯಾವಾಗ ಬರ್ತಾಳೆ?’ ಎಂದು ಅಪ್ಪ ಪ್ರತಿ ಕಂತಿನಲ್ಲೂ ಕೇಳಿದರು.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಕೊನೆಯ ಕಂತಿನ ಚೌಕದ ಕೆಳಗೆ ‘ಲಾಸ್ ವೇಗಸ್‌ನಲ್ಲಿ ಹೆರಾಲ್ಡ್ ಡೀಟರ್ಲಿ ಕಿರೀಟ ಧರಿಸುತ್ತಾನೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಕ್ಷಮೆಯಿಲ್ಲ. ಇಂಗ್ಲಿಷ್ ವಿವರಣೆಯಲ್ಲಿ ಹೆಸರಿಲ್ಲ, ನಾನು ನೋಡಿದೆ. ಕನ್ನಡದಲ್ಲಿ ಓದುವವರಿಗೆ ಮಾತ್ರ ಈ ಶಿಕ್ಷೆ. ಇಪ್ಪತ್ತು ವರ್ಷದ ಹಿಂದಿನ ಫಲಿತಾಂಶ, ಗುಟ್ಟೇನು ಬಂತು ಎಂದು ನಿಮ್ಮವರು ಹೇಳಬಹುದು. ನನಗೆ ಗುಟ್ಟಲ್ಲ, ಅಪ್ಪನಿಗೆ ಗುಟ್ಟೇ. ಅವರು ಟಿಫನಿ ಫೈಸನ್ ಗೆಲ್ಲುತ್ತಾಳೆ ಎಂದು ನನ್ನ ಜೊತೆ ಪಂದ್ಯ ಕಟ್ಟಿದ್ದರು. ಆರನೇ ಕಂತು ಹುಡುಕುವಾಗ ರಿಮೋಟಿನ ಗುಂಡಿ ಎರಡು ಸಲ ಹೆಚ್ಚು ಒತ್ತಿಹೋಗಿ ಆ ಚೌಕ ಕಣ್ಣಿಗೆ ಬಿತ್ತು. ಓದಿದರು, ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಡಬ್ಬಿಯೊಳಗಿಟ್ಟರು. ಅವತ್ತಿನಿಂದ ಮುಂದೆ ನೋಡಿಲ್ಲ.

ನಾನು ಕೇಳುವುದು ಇಷ್ಟು. ಅಡುಗೆಮನೆಯ ಕನ್ನಡ ಬಲ್ಲ ಒಬ್ಬರ ಕೈಲಿ ಸಬ್‌ಟೈಟಲ್ ಪೂರ್ತಿ ತಿದ್ದಿಸಿ, ಮಾತಿಗೆ ಹೊಂದಿಸಿ. ಪೋಸ್ಟರ್ ಬದಲಿಸಿ, ಆ ವಿವರಣೆಯಿಂದ ಗೆದ್ದವರ ಹೆಸರು ತೆಗೆಯಿರಿ, ಅದಕ್ಕೆ ಐದು ನಿಮಿಷ ಸಾಕು. ತಿದ್ದುವ ತನಕ ‘ಕನ್ನಡದಲ್ಲಿ ಲಭ್ಯ’ ಎಂಬ ಜಾಹೀರಾತು ಇಳಿಸಿ. ನನ್ನ ಚಂದಾ ಹಣ ವಾಪಸು ಮಾಡಿ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆಯ ದೂರು ಹಾಕುತ್ತೇನೆ. ತೆರೆಯ ಚಿತ್ರಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದೇನೆ.

ಈ ಪತ್ರ ಬರೆಯುತ್ತಿದ್ದೇನೆ ಎಂದಾಗ ಅಪ್ಪ ಹಳೆಯ ಲೆಕ್ಕದ ಪುಸ್ತಕದಿಂದ ಎರಡು ಹಾಳೆ ಕಿತ್ತು, ನಿಮ್ಮ ಪದದ ಎದುರು ತಮ್ಮ ಪದ ಬರೆದುಕೊಟ್ಟಿದ್ದಾರೆ. ಅಕ್ಷರ ಸ್ವಲ್ಪ ನಡುಗಿದೆ, ಓದಲು ಬರುತ್ತದೆ. ಮೊದಲು ಈರುಳ್ಳಿ ಸರಿಮಾಡಲಿ ಎಂದು ತಿಳಿಸಲು ಹೇಳಿದ್ದಾರೆ.

ಇಂತಿ,
ನಿಮ್ಮ ಚಂದಾದಾರ

ಲಗತ್ತು: ತೆರೆಯ ಚಿತ್ರಗಳು, ಚಾಟ್‌ನ ಪ್ರತಿ, ಅಪ್ಪನ ಪದಪಟ್ಟಿ (ಎರಡು ಹಾಳೆ)