ಶಾಸಕರೇ, ಭರವಸೆ ಸಾಕು, ವಿಷಯ ಹೇಳಿ

ನಮ್ಮ ಕ್ಷೇತ್ರದ ಶಾಸಕರಿಗೆ,

ನಮಸ್ಕಾರ. ನೀವು ಮದುವೆ, ಗೃಹಪ್ರವೇಶ, ಸಾವಿನ ಮನೆ ಯಾವುದನ್ನೂ ತಪ್ಪಿಸುವುದಿಲ್ಲ. ಅದರ ಬಗ್ಗೆ ದೂರಿಲ್ಲ. ಆದರೆ ನಮಗೆ ಗೊತ್ತಾಗಬೇಕಾದ ವಿಷಯವನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

2024ರ ಜುಲೈ 31ಕ್ಕೆ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಆಕ್ಷೇಪಣೆಗೆ 60 ದಿನ. ಅದೂ ಎಂಥಾ ಹೊತ್ತಿನಲ್ಲಿ! ಮಳೆ ಸ್ವಲ್ಪ ಹೊಳವಾದರೆ ಸಾಕು, ಜನ ಅಡಿಕೆಗೆ ಕೊಳೆ ಔಷಧಿ ಹೊಡೆಸಲು ಓಡುತ್ತಿರುತ್ತಾರೆ. ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಊರಿಗೆ ತಲುಪಿದ್ದು ಒಂದೇ ಸುದ್ದಿ: ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರಂತೆ.

ನಮ್ಮ ಪಕ್ಕದ ಮನೆಯವರು ನಾಲ್ಕು ಅಂಕಣದ ಮನೆಗೆ ಪಾಯ ತೆಗೆಸಿದ್ದರು. ಸುದ್ದಿ ಕೇಳಿ ಕೆಲಸ ನಿಲ್ಲಿಸಿದರು. ಪಾಯದಲ್ಲಿ ನೀರು ನಿಂತಿತು, ತಂದಿಟ್ಟ ಸಿಮೆಂಟ್ ಮೂಟೆಯಲ್ಲೇ ಗಟ್ಟಿಯಾಯಿತು. ಆದರೆ ಕರಡು ತಡೆಯುವುದು 20 ಸಾವಿರ ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು. ಅಂದರೆ ಹತ್ತಿರಹತ್ತಿರ ಐದು ಎಕರೆಯಷ್ಟು ಕಟ್ಟಡ! ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಕೆಂಪು ಪಟ್ಟಿಯ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಕಾರ್ಖಾನೆ ಬೇಡ ಎನ್ನುತ್ತದೆ. ಜಮೀನು ಮಾರಲು, ಕೊಳ್ಳಲು ತಡೆಯಿಲ್ಲ. ಇಷ್ಟು ಹೇಳಲು ಐದು ನಿಮಿಷ ಸಾಕಿತ್ತು, ಅಲ್ವಾ?

ಸಭೆಯಲ್ಲಿ ಕೇಳಿದಾಗ ನೀವು "ಯಾರೂ ಹೆದರಬೇಡಿ, ನಾನಿದ್ದೀನಿ" ಅಂದಿರಿ. ಚಪ್ಪಾಳೆ ಬಿತ್ತು. ಯಾವ ಸರ್ವೆ ನಂಬರು, ಆಕ್ಷೇಪಣೆ ಯಾರಿಗೆ ಬರೆಯಬೇಕು ಅಂತ ಒಬ್ಬರಿಗೂ ತಿಳಿಯಲಿಲ್ಲ.

ಜನ ಸುಮ್ನೆ ಹೆದರುತ್ತಾರೆ ಅನ್ನಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮುಳುಗಡೆಯಾಗಿ ಬಂದವರ ಮೊಮ್ಮಕ್ಕಳು ಇವತ್ತಿಗೂ ಜಮೀನಿನ ದಾಖಲೆಗೆ ಕಚೇರಿ ಅಲೆಯುತ್ತಿದ್ದಾರೆ. ಅಂಥವರಿಗೆ ಬರೀ ಧೈರ್ಯ ತುಂಬಿದರೆ ಅನುಮಾನವೇ ಜಾಸ್ತಿ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ, ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿ ಬೇಡ ಎಂದು ತೀರ್ಮಾನಿಸಿತು. ಊರಲ್ಲಿ ಈಗ ಎಲ್ಲ ಮುಗಿಯಿತು ಅಂದುಕೊಂಡಿದ್ದಾರೆ. ಕರಡು ಕೇಂದ್ರದ್ದು, ಕೊನೆಯ ಮಾತೂ ಅಲ್ಲಿಯದೇ ಅಂತ ಯಾರೂ ಹೇಳಿಲ್ಲ. ಈ ತಪ್ಪು ಸಮಾಧಾನ ನಿಮಗೆ ಅನುಕೂಲವಿರಬಹುದು, ನಮಗಲ್ಲ.

ನಾನು ಕರಡಿನ ಪರವೋ ವಿರೋಧವೋ ಅನ್ನುವುದು ಬೇರೆ ಮಾತು. ಕ್ವಾರಿ ಸಿಡಿತಕ್ಕೆ ಗೋಡೆ ಬಿರುಕು ಬಿಟ್ಟವರೂ ನಮ್ಮಲ್ಲಿದ್ದಾರೆ, ಅವರ ಲೆಕ್ಕ ಬೇರೆಯೇ ಇದೆ. ನಿಮ್ಮ ನಿಲುವು ಏನು ಅಂತ ಇಬ್ಬರಿಗೂ ಗೊತ್ತಾಗಲಿ. ಆಗಲ್ಲ ಅನ್ನುವುದಿದ್ದರೆ ಅದನ್ನೂ ನೇರ ಹೇಳಿ. ಬೈಸಿಕೊಳ್ಳಬೇಕಾಗಬಹುದು, ಬೈಸಿಕೊಳ್ಳಿ.

ಮುಂದಿನ ಗ್ರಾಮಸಭೆಗೆ ಹಳ್ಳಿಗಳ ಪಟ್ಟಿ, ನಕ್ಷೆ ಹಿಡಿದು ಬನ್ನಿ. ಅರಣ್ಯ ಇಲಾಖೆಯವರನ್ನೂ ತಹಶೀಲ್ದಾರರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಭಾಷಣ ಬೇಡ, ಪ್ರಶ್ನೆಗೆ ಉತ್ತರ ಕೊಡಿ. ಉತ್ತರಗಳನ್ನು ಬರೆಸಿ ಪಂಚಾಯಿತಿ ಗೋಡೆಗೆ ಅಂಟಿಸಿ. ಮಳೆಗಾಲ ಹಿಡಿಯುವ ಮೊದಲೇ ಆದರೆ ಒಳ್ಳೆಯದು. ಆಮೇಲೆ ಕರೆದರೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಶಿವಮೊಗ್ಗ ಜಿಲ್ಲೆ